ಒಂದು ಜಿಪಿಎಸ್, ಹಲವು ಕೇಳುಗರು

ಕಾರು ಹೆದ್ದಾರಿಗೆ ಬಿದ್ದಾಗ ಫೋನಿನ ನಕ್ಷೆ ದಾರಿ ಹೇಳುತ್ತದೆ, ಹವಾಮಾನದ ಆ್ಯಪ್ ಮುಂದಿನ ಮಳೆಯ ಸುಳಿವು ಕೊಡುತ್ತದೆ, ಮನೆಯವರಿಗೆ ಲೈವ್ ಲೊಕೇಶನ್ ಹೋಗುತ್ತಲೇ ಇರುತ್ತದೆ. ಮೂರಕ್ಕೂ ಇರುವುದು ಒಂದೇ ರಿಸೀವರ್. ಇಂದು ಇದು ಯಾರ ಗಮನಕ್ಕೂ ಬಾರದಷ್ಟು ಸಹಜವಾಗಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಲ್ಯಾಪ್‌ಟಾಪಿಗೆ ಜಿಪಿಎಸ್ ಜೋಡಿಸಿಕೊಂಡವರಿಗೆ ಇದೇ ದೊಡ್ಡ ತೊಡಕಾಗಿತ್ತು. ಅದನ್ನು ಬಿಡಿಸಿದ ಬಗೆ ತಂತ್ರಜ್ಞರ ವಲಯದ ಹೊರಗೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಆ ರಿಸೀವರುಗಳು ಸೀರಿಯಲ್ ಪೋರ್ಟಿನ ಮೂಲಕ ಮಾತಾಡುತ್ತಿದ್ದವು. ಹಡಗಿನ ಉಪಕರಣಗಳಿಗೆಂದು ರೂಪಿಸಿದ ಎನ್‌ಎಂಇಎ 0183 ಮಾನಕದಂತೆ ಸೆಕೆಂಡಿಗೆ 4800 ಬಿಟ್, ಅಂದರೆ 480 ಅಕ್ಷರ. ಒಂದು ಸಾಲಿಗೆ ಹೆಚ್ಚೆಂದರೆ 82 ಅಕ್ಷರ. ಸೆಕೆಂಡಿಗೆ ಐದಾರು ಸಾಲು. ಸ್ಥಳ, ಸಮಯ, ವೇಗ ಎಲ್ಲ ಅದರಲ್ಲೇ, ಕೊನೆಗೆ ತಾಳೆ ನೋಡಲು ಎರಡಂಕಿಯ ಚೆಕ್‌ಸಮ್. ಕೇಳುವವರು ಒಬ್ಬರೇ ಎಂಬ ಎಣಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ವಿಂಡೋಸ್‌ನಲ್ಲಿ ಒಂದು ತಂತ್ರಾಂಶ ಪೋರ್ಟನ್ನು ಹಿಡಿದುಕೊಂಡರೆ ಎರಡನೆಯದಕ್ಕೆ ಪ್ರವೇಶವೇ ಇಲ್ಲ. ಲಿನಕ್ಸ್‌ನಲ್ಲಿ ಎರಡೂ ಒಳಗೆ ಹೋಗಬಹುದು, ಆದರೆ ಒಂದು ಓದಿದ ಅಕ್ಷರ ಇನ್ನೊಂದಕ್ಕೆ ಸಿಗದು. ಒಂದೇ ಕಾಗದವನ್ನು ಹರಿದು ಇಬ್ಬರಿಗೆ ಹಂಚಿದ ಹಾಗೆ! ಸಾಲು ತುಂಡಾಗಿ, ಚೆಕ್‌ಸಮ್ ತಾಳೆಯಾಗದೆ, ಇಬ್ಬರಿಗೂ ಏನೂ ತಿಳಿಯುವುದಿಲ್ಲ. ಒಳಗೆ ಬಿಟ್ಟು ಕೆಡಿಸುವುದಕ್ಕಿಂತ ಬಿಡದಿರುವುದೇ ಮೇಲು ಎಂದು ನಾನು ಎಣಿಸುತ್ತೇನೆ.

ಪರಿಹಾರವೆಂದರೆ ನಡುವೆ ಒಬ್ಬ ಮಧ್ಯಸ್ಥ. ರೆಮ್ಕೊ ಟ್ರೆಫ್‌ಕಾರ್ನ್ 1990ರ ದಶಕದಲ್ಲಿ ಶುರುಮಾಡಿ, ಮುಂದೆ ಎರಿಕ್ ರೇಮಂಡ್ ಮತ್ತು ಸಂಗಡಿಗರು ಬೆಳೆಸಿದ ಮುಕ್ತ ತಂತ್ರಾಂಶ ಜಿಪಿಎಸ್‌ಡಿ ಮಾಡುವುದು ಇದನ್ನೇ. ಸಾಧನವನ್ನು ಅದೊಂದೇ ಮುಟ್ಟುತ್ತದೆ; ಉಳಿದವರೆಲ್ಲ ನೆಟ್‌ವರ್ಕಿನ 2947ನೇ ಪೋರ್ಟಿಗೆ ಬಂದು ಕೇಳುತ್ತಾರೆ. ಕೇಳುವವರಿಲ್ಲದಾಗ ಅದು ಸಾಧನವನ್ನು ಬಿಟ್ಟು ಸುಮ್ಮನಾಗುತ್ತದೆ. ಮೈಕ್ರೋಸಾಫ್ಟ್ ಕೂಡ 2005ರ ವಿಂಡೋಸ್ ಮೊಬೈಲ್ 5ರಲ್ಲಿ ಇಂಥದೇ ನಡುವಣ ಡ್ರೈವರ್ ಕೊಟ್ಟಿತು. ಇದರಿಂದಾದ ಲಾಭ ಹಂಚಿಕೆಯಲ್ಲೇ ಮುಗಿಯಲಿಲ್ಲ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಕೇಂದ್ರ ನೋಡಿಕೊಳ್ಳುವ ನಾವಿಕ್ ಉಪಗ್ರಹಗಳ ಸಂಕೇತವನ್ನು ಹೊಸ ರಿಸೀವರ್ ಓದತೊಡಗಿದರೆ, ಅದರ ಭಾಷೆ ಮಧ್ಯಸ್ಥನಿಗೆ ಗೊತ್ತಿದ್ದರೆ ಸಾಕು. ನಕ್ಷೆಯ ತಂತ್ರಾಂಶದ ಒಂದು ಸಾಲನ್ನೂ ಬದಲಿಸಬೇಕಿಲ್ಲ.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಈ ಮಧ್ಯಸ್ಥನ ನಡತೆ. ಜಿಪಿಎಸ್‌ಡಿ ಬರಿಯ ಅಕ್ಷಾಂಶ, ರೇಖಾಂಶ ಒಪ್ಪಿಸಿ ಕೈತೊಳೆದುಕೊಳ್ಳುವುದಿಲ್ಲ. ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬ ಅಂದಾಜನ್ನೂ ಜೊತೆಗೆ ಕೊಡುತ್ತದೆ. ಎಷ್ಟೋ ಆ್ಯಪ್‌ಗಳು ಆ ಅಂದಾಜನ್ನು ಬದಿಗೊತ್ತಿ ಒಂದು ನೀಲಿ ಚುಕ್ಕೆ ತೋರಿಸಿ ಮುಗಿಸುತ್ತವೆ. ತನಗೆಷ್ಟು ಗೊತ್ತಿಲ್ಲ ಎಂಬುದನ್ನೂ ಹೇಳುವ ಯಂತ್ರದ ಮಾತನ್ನು ಅರ್ಧಕ್ಕೇ ಕತ್ತರಿಸುವುದು ಸರಿಯಲ್ಲ. ಮಧ್ಯಸ್ಥನಿಗೆ ಕಾಯುವ ಕೆಲಸವೂ ಇದೆ. ಫೋನಿನಲ್ಲಿ ಆ ಮಧ್ಯಸ್ಥ ಅದರ ಕಾರ್ಯಾಚರಣಾ ವ್ಯವಸ್ಥೆಯೇ. 2020ರ ಐಒಎಸ್ 14, 2021ರ ಆಂಡ್ರಾಯ್ಡ್ 12 ಬಂದ ಮೇಲೆ ಹವಾಮಾನದ ಆ್ಯಪ್‌ಗೆ ಊರಿನ ಆಸುಪಾಸನ್ನಷ್ಟೇ ಕೊಟ್ಟು, ಮನೆಯ ಬಾಗಿಲನ್ನು ನಕ್ಷೆಗೆ ಮಾತ್ರ ತಿಳಿಸಬಹುದು. ಎಲ್ಲರೂ ನೇರವಾಗಿ ಸಾಧನಕ್ಕೇ ಕೈಹಾಕುವಂತಿದ್ದರೆ ಇದು ಸಾಧ್ಯವಿತ್ತೇ?

ಆದರೆ ಎಲ್ಲರೂ ಒಬ್ಬನನ್ನೇ ನಂಬಿದಾಗ ಅವನ ತಪ್ಪು ಎಲ್ಲರ ತಪ್ಪಾಗುತ್ತದೆ. ಜಿಪಿಎಸ್ ಉಪಗ್ರಹಗಳು ವಾರಗಳನ್ನು ಮೂಲತಃ ಹತ್ತು ಬಿಟ್‌ಗಳಲ್ಲಿ ಎಣಿಸುತ್ತವೆ. 1024 ವಾರಕ್ಕೊಮ್ಮೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಆ ಗೊಂದಲವನ್ನು ತಿದ್ದಲೆಂದು ಜಿಪಿಎಸ್‌ಡಿಯ 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿದ್ದ ಕೋಡ್, 24 ಅಕ್ಟೋಬರ್ 2021ರಂದು ಸರಿಯಾದ ದಿನಾಂಕದಿಂದಲೇ 1024 ವಾರ ಕಳೆದು, 2002ರ ಮಾರ್ಚ್ ಎಂದು ಹೇಳುವಂತಿತ್ತು. ಜಿಪಿಎಸ್‌ಡಿಯಿಂದ ಸ್ಥಳವನ್ನಷ್ಟೇ ಅಲ್ಲ, ಗಡಿಯಾರವನ್ನೂ ಪಡೆಯುವ ಸರ್ವರುಗಳಿವೆ. ಕಾಲ ಹತ್ತೊಂಬತ್ತು ವರ್ಷ ಹಿಂದೆ ಸರಿದರೆ ಲಾಗಿನ್, ಪ್ರಮಾಣಪತ್ರ, ದಾಖಲೆ ಎಲ್ಲ ಏರುಪೇರು. ಆ ದಿನ ಬರುವ ಮೊದಲೇ ದೋಷ ಪತ್ತೆಯಾಗಿ 3.23 ಬಂತು, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಎಲ್ಲರನ್ನೂ ಎಚ್ಚರಿಸಿತು.

ಸಮಯದ ಸರ್ವರುಗಳನ್ನು ನೋಡಿಕೊಳ್ಳುವವರು ಕನಿಷ್ಠ ನಾಲ್ಕು ಮೂಲಗಳನ್ನು ಇಟ್ಟುಕೊಳ್ಳಬೇಕೆಂಬ ಸಲಹೆ ಇರುವುದು ಇಂಥ ದಿನಗಳಿಗಾಗಿಯೇ. ಒಂದು 2002ಕ್ಕೆ ಜಾರಿದರೂ ಉಳಿದ ಮೂರು ಅದನ್ನು ಗುರುತಿಸಿ ತಳ್ಳಿಹಾಕುತ್ತವೆ, ಆ ಮೂರೂ ಅದೇ ಆವೃತ್ತಿಯ ಜಿಪಿಎಸ್‌ಡಿಯನ್ನು ಕೇಳುತ್ತಿರದಿದ್ದರೆ.