ಬಿದ್ದೀತೆಂಬ ಭಯ

ಮಡಕಶಿರೆಯಿಂದಾಗಲಿ ರಾಯದುರ್ಗದಿಂದಾಗಲಿ ಮದುವೆಯ ಜವಳಿಗೆಂದು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿಬಂದವರಿಗೆ ಮೈಸೂರು ಬ್ಯಾಂಕ್ ವೃತ್ತದ ಗುರುತು ಹೇಳಬೇಕಾಗಿಲ್ಲ. ಅವೆನ್ಯೂ ರಸ್ತೆಯು ಕೆಂಪೇಗೌಡ ರಸ್ತೆಯನ್ನು ಕೂಡುವಲ್ಲಿ ಗಂಭೀರವಾಗಿ ನಿಂತಿರುವ ಆ ಬ್ಯಾಂಕಿನ ಕಟ್ಟಡವನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ: ಹಣವೆಣಿಸುವ ಜಾಗಕ್ಕೆ ಅರಮನೆಯ ಗತ್ತು ಏತಕ್ಕೆ?

ಉತ್ತರವು ನಮ್ಮ ಎರಡೂ ತಾಲ್ಲೂಕುಗಳು ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿದೆ. 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಬಿಳಿಯರ ಪ್ರತಿಷ್ಠಿತ ಸಂಸ್ಥೆಯೆಂದು ನಂಬಿ ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ಸಾವಿರಾರು ಸಂಸಾರಗಳು ಮುಳುಗಿದವು. ಆ ಗಾಯದಿಂದಲೇ ಮರುವರ್ಷ ಇಂಡಿಯನ್ ಬ್ಯಾಂಕ್ ಹುಟ್ಟಿತು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಿದ್ದಾಗ ಅದರ ಬೆನ್ನಿಗೇ ಹಲವು ಸ್ವದೇಶಿ ಬ್ಯಾಂಕುಗಳು ಕದ ಮುಚ್ಚಿದವು. ಬ್ಯಾಂಕ್ ಆಫ್ ಮೈಸೂರು ಕಣ್ಣುತೆರೆದದ್ದು ಅದೇ ವರ್ಷ! ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆ, ಸಂಸ್ಥಾನದ ಆಶ್ರಯ ಎರಡೂ ಇದ್ದವು, ನಿಜ. ಆದರೆ ಹಣವನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದ ಜನರಿಗೆ ‘ಇದು ಬೀಳುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕೆ? ಕಟ್ಟಡವೇ ಹೇಳಬೇಕು.

ಬೀಳುವ ಭಯ ಕಟ್ಟಡಗಳನ್ನೂ ಬಿಟ್ಟಿರಲಿಲ್ಲ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 1903ರಲ್ಲಿ ಹದಿನಾರು ಅಂತಸ್ತಿನ ಇಂಗಲ್ಸ್ ಕಟ್ಟಡವು ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟಿನಿಂದ ಎದ್ದಿತು. ಅಷ್ಟೆತ್ತರದ ಕಾಂಕ್ರೀಟು ಕಟ್ಟಡ ಜಗತ್ತಿನಲ್ಲಿ ಅದೇ ಮೊದಲು. ಅದಕ್ಕೆ ಅನುಮತಿ ದೊರೆಯಲು ಎರಡು ವರ್ಷ ಹಿಡಿಯಿತು. ಅಚ್ಚಿನ ಹಲಗೆಗಳನ್ನು ಬಿಚ್ಚಿದೊಡನೆ ಕುಸಿದೀತೆಂದು ಪತ್ರಕರ್ತನೊಬ್ಬನು ರಾತ್ರಿಯಿಡೀ ಕಾದು ಕುಳಿತಿದ್ದನಂತೆ, ಪಾಪ! ಕಾಂಕ್ರೀಟು ಭಾರವನ್ನು ತಾಳುತ್ತದೆ, ಎಳೆತವನ್ನು ತಾಳದು; ಎಳೆತವನ್ನು ಒಳಗಿನ ಸರಳು ಹೊರುತ್ತದೆ. ಹೊರಗೆ ನಿಂತು ನೋಡುವವನಿಗೆ ಆ ಸರಳು ಕಾಣುವುದಿಲ್ಲವಷ್ಟೆ. ಬ್ಯಾಂಕಿನ ಲೆಕ್ಕಪುಸ್ತಕವೂ ಹಾಗೆಯೇ. ನಮ್ಮ ಕಡೆ ಆಗ ಸಿಮೆಂಟು ಹಡಗಿನಲ್ಲಿ ಬರುವ ದುಬಾರಿ ಸರಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರಕಿ ಗಾರೆಯಿಂದ ಕಟ್ಟಿದರು.

ಬ್ಯಾಂಕು ಬೀಳಲಿಲ್ಲ, ಕರಗಿತು. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ಕಾಗದಪತ್ರಗಳಲ್ಲಿ ಹೆಸರು ಅಳಿಯುವ ಸಂಕಟ ನಮಗೆ ಹೊಸದೇನಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದಾಗ ರಾಯದುರ್ಗವು ಅದರಿಂದ ಕಳಚಿ ಆಂಧ್ರದಲ್ಲಿ ಉಳಿಯಿತು. 2022ರಿಂದ ಮಡಕಶಿರೆಯ ವಿಳಾಸದಲ್ಲಿ ಅನಂತಪುರದ ಹೆಸರೂ ಇಲ್ಲ, ಶ್ರೀ ಸತ್ಯಸಾಯಿ ಜಿಲ್ಲೆ ಎಂದು ಬರೆಯಬೇಕು. ಕೆಲವು ಹಿರಿಯರು ಇಂದಿಗೂ ತಪ್ಪಿ ಹಳೆಯದನ್ನೇ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಾರೆ.

ಬೆಂಗಳೂರಿನ ಬಸ್ಸಿನಲ್ಲಿ ಮಾತ್ರ ನಿರ್ವಾಹಕನು ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಎಂದೇ ಕೂಗುತ್ತಾನೆ. ನಮ್ಮ ಅತ್ತಿಗೆಯವರು ಖಾಲಿ ಚೀಲಗಳನ್ನು ಮಡಿಸಿ ಹಿಡಿದುಕೊಂಡು ಅಲ್ಲಿಯೇ ಇಳಿಯುತ್ತಾರೆ.