ರಾಗಿಯ ಕೊರತೆಗೆ ಅಕ್ಕಡಿ ಸಾಲೇ ಮದ್ದು



ಲೈಸಿನ್ ಎಂಬ ಅಮೈನೋ ಆಮ್ಲದ ಮಾತ್ರೆ, ಪುಡಿಗಳು ಈಗ ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಮಂದಿಯ ಬಲಕ್ಕೆಂದು ಇದನ್ನು ಕೊಂಡು ತರಬೇಕೇ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರಾಗಿ ಬೆಳೆಗಾರರಿಗೆ ಅದರ ಅಗತ್ಯವಿಲ್ಲವೆಂದೇ ನಮ್ಮ ಅಭಿಪ್ರಾಯ.

ಮಕ್ಕಳ ಬೆಳವಣಿಗೆಗೆ, ಗಾಯ ಮಾಯುವುದಕ್ಕೆ ಲೈಸಿನ್ ಬೇಕೇ ಬೇಕು. ದೇಹವು ಇದನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ 1,800 ಮಿಲಿಗ್ರಾಂ ಬೇಕು. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ಮೆಥಿಯೋನಿನ್ ಸಾಕಷ್ಟು. ಲೈಸಿನ್ ಮಾತ್ರ ಕಡಿಮೆ. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 200 ಮಿಲಿಗ್ರಾಂ. ಅಷ್ಟೇ ತೂಕದ ಒಣ ಅವರೆಯಲ್ಲಿ ಇಲ್ಲವೆ ಹುರುಳಿಯಲ್ಲಿ 1,400 ಮಿಲಿಗ್ರಾಂ ದೊರೆಯುತ್ತದೆ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ನನ್ನು ರಾಗಿಯೇ ತುಂಬಿಕೊಡುತ್ತದೆ. ದಿನಕ್ಕೆ 400 ಗ್ರಾಂ ರಾಗಿಯೊಡನೆ 75 ಗ್ರಾಂ ಕಾಳು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಒಂದು ಲೋಟ ಹಾಲೂ ಇದ್ದರೆ ಮಿಗುತ್ತದೆ. ಮುದ್ದೆಗೆ ಹುರುಳಿ ಸಾರು, ಹಿದುಕಿದ ಬೇಳೆ ಸಾರು ಮಾಡಿಕೊಂಡು ಬಂದ ನಮ್ಮ ಹೆಣ್ಣುಮಕ್ಕಳ ಅಡುಗೆಯಲ್ಲಿ ಈ ಲೆಕ್ಕವೇ ಅಡಗಿದೆ.

ಆದರೆ ಈಗ ಟೊಮೆಟೊ, ಮಾವು, ನೀಲಗಿರಿಗಳ ನಡುವೆ ಅಕ್ಕಡಿ ಸಾಲು ಹಿಂದೆ ಬಿದ್ದಿದೆ. ಬೆಳೆದ ಅವರೆ ಬೆಂಗಳೂರಿಗೆ, ಕರೆದ ಹಾಲು ಡೇರಿಗೆ ಹೋಗಿ ಮಕ್ಕಳ ತಟ್ಟೆಗೆ ತಿಳಿಸಾರು ಮಾತ್ರ ಉಳಿದರೆ, ಆ ಮಾರಾಟದ ಹಣದಿಂದ ಡಬ್ಬಿ ಪುಡಿ ತರುವುದು ಯಾವ ಲಾಭ?

ಲೈಸಿನ್ ವಿಷವೇನಲ್ಲ. ಆದರೂ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ವಾಕರಿಕೆ, ಹೊಟ್ಟೆನೋವು, ಭೇದಿ ಆಗಬಹುದು. ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು, ಮಕ್ಕಳಿಗೂ ಕೊಡಬಾರದು. ತುಟಿಯ ಮೇಲಿನ ನೀರುಗುಳ್ಳೆಗೆ ಇದು ಒಳ್ಳೆಯದೆಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಕೋಳಿ ಆಹಾರಕ್ಕೆ ಬೆರೆಸುವ ಲೈಸಿನ್ ಪುಡಿಯನ್ನಂತೂ ಮನುಷ್ಯರು ಎಂದಿಗೂ ಬಳಸಕೂಡದು.

ಈ ಮುಂಗಾರಿನಲ್ಲಿ 8 ಸಾಲು ರಾಗಿಗೆ 1 ಸಾಲು ಅವರೆ, ಇಲ್ಲವೆ 2 ಸಾಲು ತೊಗರಿ ಹಾಕಿರಿ. ನೀರಿನ ಅನುಕೂಲವಿದ್ದವರು ಹೆಬ್ಬಾಳ ಅವರೆಯ ಎಚ್‌.ಎ.-3, ಎಚ್‌.ಎ.-4 ತಳಿಗಳನ್ನು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ಫಸಲು ಬಂದಾಗ ವರ್ಷಕ್ಕೆ ಸಾಲುವಷ್ಟು ಕಾಳನ್ನು ಮೊದಲು ಮನೆಗೆ ಅಳೆದಿಡಿ. ಮಿಕ್ಕದ್ದನ್ನು ಗಾಡಿಗೆ ಹೇರಿರಿ. ಡೇರಿಗೆ ಹಾಲು ಹಾಕುವ ಮುನ್ನ ಮಕ್ಕಳ ಲೋಟ ತುಂಬಿರಲಿ.