‘ಬಿಡ್ತು ಅನ್ನು’ ಅಂದ್ರೆ ಕಾನೂನು ಬಿಡಲ್ಲ

(1/8)
ಮನೇಲಿ ‘ನಾನೊಂದು ವಿಲ್ ಬರೀತೀನಿ’ ಅಂದು ನೋಡಿ. ಅಮ್ಮ ‘ಬಿಡ್ತು ಅನ್ನು’ ಅಂತಾರೆ. ಅಪ್ಪ ‘ನಿನ್ನ ಹತ್ರ ಏನಿದೆ ಅಂತ ವಿಲ್ಲು?’ ಅಂತ ನಗ್ತಾರೆ. ಫ್ರೆಂಡ್ಸು ‘ಏನಾಯ್ತೋ, ಹುಷಾರಾಗಿದ್ದೀಯ ತಾನೆ?’ ಅಂತ ಕೇಳ್ತಾರೆ.

ನನ್ನ ವಾದ ಇಷ್ಟೇ: ಸಂಬಳ ಶುರುವಾದ ಪ್ರತಿಯೊಬ್ಬರೂ ವಿಲ್ ಬರೆದಿಡಬೇಕು. ಹುಡುಗಿಯರಂತೂ ಬರೆಯಲೇಬೇಕು. 60 ದಾಟಿದ ಮೇಲೆ ಅಲ್ಲ, ಈಗಲೇ. 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. ವಯಸ್ಸು, ಆರೋಗ್ಯದ ಬಗ್ಗೆ ಕಾನೂನು ಕೇಳೋದು ಅಷ್ಟೇ. ಹೆಲ್ಮೆಟ್ ಹಾಕಿದ್ರೆ ಆಕ್ಸಿಡೆಂಟ್ ಆಗುತ್ತೆ ಅಂತ ಯಾರೂ ಹೇಳಲ್ಲ. ವಿಲ್ ಬರೆದ್ರೆ ಸಾವು ಬರುತ್ತೆ ಅಂತ ಮಾತ್ರ ನಂಬ್ತೀವಿ, ಯಾಕೆ?

(2/8)
‘ಬರೆಯದಿದ್ರೆ ಏನಾಯ್ತು, ಮನೆಯವರಿಗೇ ಹೋಗುತ್ತೆ ಬಿಡಿ’ ಅಂತೀರಾ? ಮನೆಯವರಲ್ಲಿ ಯಾರಿಗೆ?

ನೀವು ಬರೆಯದ ವಿಲ್ಲನ್ನ ನಿಮ್ಮ ಪರವಾಗಿ 1956ರಲ್ಲೇ ಪಾರ್ಲಿಮೆಂಟು ಬರೆದಿಟ್ಟಿದೆ. ಅದರ ಹೆಸರು ಹಿಂದೂ ಉತ್ತರಾಧಿಕಾರ ಕಾಯ್ದೆ. ವೀರಶೈವ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೂ ಇದೇ ಅನ್ವಯ.

ಮದುವೆಯಾಗದ ಹುಡುಗ ತೀರಿಕೊಂಡ ಅಂದ್ಕೊಳ್ಳಿ. ಅವನ ದುಡ್ಡೆಲ್ಲ ಅಮ್ಮನಿಗೆ. ಅಮ್ಮ ಇರೋವರೆಗೂ ಅಪ್ಪನಿಗೆ ಒಂದು ರೂಪಾಯಿಯೂ ಇಲ್ಲ. ಯಾಕಂದ್ರೆ ಅಮ್ಮ ಮೊದಲ ದರ್ಜೆಯ ವಾರಸುದಾರಳು, ಅಪ್ಪ ಎರಡನೇ ದರ್ಜೆ. ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ್ದು ಅಪ್ಪನೇ ಆಗಿದ್ರೂ ಲೆಕ್ಕ ಬದಲಾಗಲ್ಲ. ಇದು ನಿಮಗೆ ಒಪ್ಪಿಗೆಯಾ? ಇದ್ರೆ ಸರಿ. ಆದ್ರೆ ಒಪ್ಪಿಗೆ ಅನ್ನೋಕೂ ಮೊದಲು ಗೊತ್ತಿರಬೇಕಲ್ವಾ?

(3/8)
ಈಗ ಹುಡುಗಿಯರ ವಿಷಯಕ್ಕೆ ಬರ್ತೀನಿ. ಸಿಟ್ಟು ಬರಬೇಕಾದ್ದು ಇಲ್ಲಿ.

ಮದುವೆಯಾದ, ಮಕ್ಕಳಿಲ್ಲದ ಗಂಡಸು ವಿಲ್ ಇಲ್ಲದೆ ಸತ್ತರೆ ಅವನ ಹೆಂಡತಿಗೂ ಅಮ್ಮನಿಗೂ ಸಮಪಾಲು. ಅದೇ ಜಾಗದಲ್ಲಿ ಹೆಂಗಸು ಇದ್ದರೆ? ಅವಳು ದುಡಿದದ್ದೆಲ್ಲ ಗಂಡನಿಗೆ. ಅವಳನ್ನ ಹೆತ್ತವರಿಗೆ ಏನೂ ಇಲ್ಲ. ಗಂಡನೂ ಇಲ್ಲ ಅಂದ್ರೆ? ಆಗ ಗಂಡನ ವಾರಸುದಾರರಿಗೆ. ಆ ಕಡೆ ಯಾರೂ ಇಲ್ಲದಿದ್ರೆ ಮಾತ್ರ ಅವಳ ಅಪ್ಪ–ಅಮ್ಮನ ಸರದಿ. ಅಪ್ಪ–ಅಮ್ಮನಿಂದ ವಾರಸಾಗಿ ಬಂದ ಆಸ್ತಿಗಷ್ಟೇ ಬೇರೆ ನಿಯಮ. ನೀವು ಟೀಮ್ ಲೀಡ್ ಆಗಿ, ರಾತ್ರಿ ಶಿಫ್ಟ್ ಮಾಡಿ ಕೂಡಿಟ್ಟ ದುಡ್ಡಿಗೆ ಆ ನಿಯಮ ಇಲ್ಲ.

ಇದು ಪುಸ್ತಕದ ಮಾತಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಬ್ಬ ಹೆಣ್ಣುಮಗಳ ಕತೆ ಕೇಳಿ. ಮದುವೆಯಾಗಿ ಮೂರೇ ತಿಂಗಳಿಗೆ ಗಂಡ ತೀರಿಕೊಂಡ. ಅತ್ತೆಮನೆಯವರು ಹೊರಗೆ ಹಾಕಿದ್ರು. ತವರಿನವರು ಓದಿಸಿದ್ರು, ಕೆಲಸ ಸಿಕ್ಕಿತು, ಜೀವನವಿಡೀ ದುಡಿದು ಬ್ಯಾಂಕಲ್ಲಿ, ಪಿಎಫ್‌ನಲ್ಲಿ ದುಡ್ಡು ಕೂಡಿಟ್ಟಳು. ವಿಲ್ ಬರೆದಿರಲಿಲ್ಲ. ಅವಳು ಸತ್ತ ಮೇಲೆ ಆ ದುಡ್ಡು ಯಾರಿಗೆ ಹೋಯ್ತು ಗೊತ್ತಾ? ಸಾಕಿದ ಅಮ್ಮನ ಕಡೆಗಲ್ಲ, ಗಂಡನ ಕಡೆಯವರಿಗೆ. ಅನುಕಂಪ ನೋಡಿ ತೀರ್ಪು ಕೊಡೋಕೆ ಆಗಲ್ಲ, ಸೆಕ್ಷನ್ 15 ಹೇಳಿದ್ದೇ ಆಗಬೇಕು ಅಂತ ಕೋರ್ಟು ಹೇಳಿತು.

ಎರಡು ಸಾಕ್ಷಿ ಸಹಿ ಇರೋ ಒಂದು ಹಾಳೆ ಇದ್ದಿದ್ರೆ ಈ ತೀರ್ಪೇ ಬೇಕಿರಲಿಲ್ಲ.

(4/8)
‘ಹಾಗಾದ್ರೆ ಕಾನೂನು ಬದಲಾಗಲಿ, ನಾವ್ಯಾಕೆ ವಿಲ್ ಬರೀಬೇಕು?’ ನ್ಯಾಯವಾದ ಪ್ರಶ್ನೆ. ಬದಲಾಗಲೇಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹೇಳಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದ್ರೆ ಸೆಕ್ಷನ್ 15 ಹಾಗೇ ಉಳೀತು. ಅದನ್ನ ತಿದ್ದಿ ಅಂತ ಲಾ ಕಮಿಷನ್ 2008ರಲ್ಲಿ, ತನ್ನ 207ನೇ ವರದಿಯಲ್ಲೇ ಕೇಳಿತ್ತು. ವರದಿ ಕಪಾಟಿನಲ್ಲಿದೆ. ಹೋರಾಟ ಮಾಡೋಣ. ಅಲ್ಲಿವರೆಗೂ ನಮ್ಮ ದುಡ್ಡನ್ನ ಆ ಕಪಾಟಿನ ಭರವಸೆ ಮೇಲೆ ಬಿಡೋದು ಬೇಡ.

(5/8)
‘ನಾಮಿನಿ ಹಾಕಿದ್ದೀನಲ್ಲ, ಸಾಕು.’ ಸಾಲಲ್ಲ! ನಾಮಿನಿ ಅಂದ್ರೆ ಬ್ಯಾಂಕಿನಿಂದ ದುಡ್ಡು ಇಸ್ಕೊಳ್ಳೋ ಕೈ, ಅಷ್ಟೇ. ಅದು ಯಾರಿಗೆ ಸೇರಬೇಕು ಅನ್ನೋದನ್ನ ವಿಲ್ ಹೇಳುತ್ತೆ, ವಿಲ್ ಇಲ್ಲದಿದ್ರೆ ವಾರಸಾ ಕಾನೂನು ಹೇಳುತ್ತೆ. ಬ್ಯಾಂಕ್ ಖಾತೆ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನ 2010ರಲ್ಲಿ ಹೇಳಿತು. ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಹೇಳಿತು. ಡಿಮ್ಯಾಟ್ ಖಾತೆ ತೆರೆದು ಸ್ಕ್ರೀನ್‌ಶಾಟ್ ಹಾಕೋ ನಮ್ಮ ಬ್ಯಾಚ್‌ನವರೇ, ಕೇಳಿಸ್ತಾ?

ಇನ್ನು, ಕಾನೂನಿನ ಪಟ್ಟಿಯಲ್ಲೇ ಇಲ್ಲದವರು ಇದ್ದಾರೆ. ಮದುವೆಯಾಗದೆ ಜೊತೆಗಿರೋ ಸಂಗಾತಿ. ಸಲಿಂಗ ಸಂಗಾತಿ (ಅವರ ಮದುವೆಗೆ ಮಾನ್ಯತೆ ಕೊಡೋಕೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ). ಕಷ್ಟಕಾಲದಲ್ಲಿ ಫೀಸು ಕಟ್ಟಿದ ಗೆಳೆಯ. ವಿಲ್ ಇಲ್ಲದಿದ್ರೆ ಇವರೆಲ್ಲ ನಿಮ್ಮ ಆಸ್ತಿಗೆ ದಾರಿಹೋಕರು.

(6/8)
ಬರೆಯೋದು ಹೇಗೆ? ಸೇವ್ ಮಾಡ್ಕೊಳ್ಳಿ.

• ಬಿಳಿ ಹಾಳೆ ಸಾಕು. ಸ್ಟಾಂಪ್ ಪೇಪರ್ ಬೇಡ. ಕನ್ನಡದಲ್ಲೇ ಬರೀರಿ. ಕಾನೂನಿನ ದೊಡ್ಡ ಪದಗಳು ಬೇಕಿಲ್ಲ ಅಂತ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತೆ.
• ನಿಮ್ಮ ಹೆಸರು, ವಿಳಾಸ, ತಾರೀಕು. ‘ಇದು ನನ್ನ ಕೊನೆಯ ವಿಲ್, ಹಿಂದಿನವೆಲ್ಲ ರದ್ದು’ ಅನ್ನೋ ಸಾಲು.
• ಯಾವುದು ಯಾರಿಗೆ ಅಂತ ಬಿಡಿಬಿಡಿಯಾಗಿ. ಯಾವ ಬ್ಯಾಂಕು, ಯಾವ ಬ್ರಾಂಚು, ಗಾಡಿ ನಂಬರು. ಕೊನೆಗೆ ‘ಇಲ್ಲಿ ಹೇಳದೆ ಉಳಿದದ್ದೆಲ್ಲ ಇಂಥವರಿಗೆ’ ಅಂತ ಒಂದು ಸಾಲು. ತಾತನ ಜಮೀನು ಇದ್ರೆ ನಿಮ್ಮ ಪಾಲನ್ನಷ್ಟೇ ಕೊಡಬಹುದು.
• ಕೊನೆಯಲ್ಲಿ ನಿಮ್ಮ ಸಹಿ. ಪ್ರತಿ ಪುಟಕ್ಕೂ ಹಾಕಿದ್ರೆ ಇನ್ನೂ ಒಳ್ಳೇದು.
• ಇಬ್ಬರು ಸಾಕ್ಷಿ. ಇದಿಲ್ಲದಿದ್ರೆ ಅದು ವಿಲ್ಲೇ ಅಲ್ಲ. ನೀವು ಸಹಿ ಹಾಕೋದನ್ನ ಅವರು ನೋಡಬೇಕು, ಅಥವಾ ‘ಇದು ನನ್ನದೇ ಸಹಿ’ ಅಂತ ನೀವು ಅವರಿಗೆ ಹೇಳಬೇಕು. ಅವರು ನಿಮ್ಮೆದುರೇ ಸಹಿ ಹಾಕಬೇಕು. ಒಳಗೇನು ಬರೆದಿದ್ದೀರಿ ಅಂತ ಅವರು ಓದಬೇಕಿಲ್ಲ.
• ಆಸ್ತಿ ಪಡೆಯೋರನ್ನ ಸಾಕ್ಷಿ ಮಾಡಬೇಡಿ. ಅನುಮಾನಕ್ಕೆ ನೀವೇ ಬಾಗಿಲು ತೆಗೆದ ಹಾಗೆ.
• ಮುಂದೆ ಕೇಸಾದ್ರೆ ಸಾಕ್ಷಿಗಳಲ್ಲಿ ಒಬ್ಬರಾದ್ರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತೆ. ಹಾಗಾಗಿ ತಾತನ ವಯಸ್ಸಿನವರು ಬೇಡ, ನಿಮ್ಮ ವಯಸ್ಸಿನವರನ್ನ ಕರೀರಿ.

(7/8)
ಯಾವುದು ನಡೆಯಲ್ಲ? ವಾಟ್ಸಾಪ್ ಮೆಸೇಜು, ಇನ್‌ಸ್ಟಾ ಸ್ಟೋರಿ ನಡೆಯಲ್ಲ. ಇ–ಸೈನ್ ಮಾಡಿದ ಪಿಡಿಎಫ್ಫೂ ನಡೆಯಲ್ಲ. ಐಟಿ ಕಾಯ್ದೆ 2000 ವಿಲ್ಲನ್ನ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಪೆನ್ನು, ಪೇಪರು, ಇಬ್ಬರು ಮನುಷ್ಯರು ಬೇಕೇ ಬೇಕು.

ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಮಾಡಿಸೋದಾದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾವಾಗ ಬೇಕಾದ್ರೂ ಮಾಡಿಸಬಹುದು. ಆದ್ರೆ ರಿಜಿಸ್ಟರ್ ಆದ ತಕ್ಷಣ ಯಾರೂ ಪ್ರಶ್ನೆ ಮಾಡಲ್ಲ ಅಂತ ಅಂದ್ಕೋಬೇಡಿ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸನ್ನ (ತೀರ್ಪು ಬಂದದ್ದು 1959ರ ಹೊತ್ತಿಗೆ) ಇವತ್ತಿಗೂ ವಕೀಲರು ಎತ್ತಿ ತೋರಿಸ್ತಾರೆ. ಲಾಭ ಪಡೆಯೋರೇ ಮುಂದೆ ನಿಂತು ವಿಲ್ ಬರೆಸಿದ್ರೆ ಅನುಮಾನ ಹುಟ್ಟುತ್ತೆ, ಅದನ್ನ ತೊಳೆಯೋ ಹೊಣೆ ಅವರದ್ದೇ ಅನ್ನೋದು ಅದರ ಸಾರ.

ಕ್ರಿಶ್ಚಿಯನ್ ಗೆಳೆಯರೇ, ಮದುವೆಯಾದ್ರೆ ನಿಮ್ಮ ಹಳೇ ವಿಲ್ ರದ್ದಾಗುತ್ತೆ, ಹೊಸದು ಬರೀರಿ. ಮುಸ್ಲಿಂ ಗೆಳೆಯರೇ, ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡೋಕೆ ವಾರಸುದಾರರ ಒಪ್ಪಿಗೆ ಬೇಕು. ನಿಮ್ಮ ಕಾನೂನು ಬಲ್ಲ ವಕೀಲರನ್ನ ಒಮ್ಮೆ ಕೇಳಿ.

(8/8)
‘ನಾಳೆ ಮನಸ್ಸು ಬದಲಾದ್ರೆ?’ ಬದಲಾಯಿಸಿ. ಬದುಕಿರೋವರೆಗೂ, ಬುದ್ಧಿ ನೆಟ್ಟಗಿರೋವರೆಗೂ ಎಷ್ಟು ಸಲ ಬೇಕಾದ್ರೂ ತಿದ್ದಬಹುದು. ವಿಲ್ ಬರೆದ ಮಾತ್ರಕ್ಕೆ ಇವತ್ತು ನಿಮ್ಮ ಕೈಯಿಂದ ಏನೂ ಹೋಗಲ್ಲ. ನಿಮ್ಮ ಗಾಡಿ ನಿಮ್ಮದೇ, ದುಡ್ಡೂ ನಿಮ್ಮದೇ.

‘ವಿಲ್ ಬರೆದ್ರೆ ಮನೇಲಿ ಜಗಳ ಆಗುತ್ತೆ’ ಅನ್ನೋರಿಗೆ ಒಂದು ಮಾತು: ನಮ್ಮೂರ ಸಿವಿಲ್ ಕೋರ್ಟಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತು ಬನ್ನಿ. ಅಲ್ಲಿ ಫೈಲು ಹಿಡಿದು ನಿಂತ ಅಣ್ಣ–ತಮ್ಮಂದಿರಲ್ಲಿ ಎಷ್ಟು ಮನೆಗಳಲ್ಲಿ ಹಿರಿಯರು ‘ಆಮೇಲೆ ನೋಡೋಣ’ ಅಂದಿದ್ರು ಅಂತ ಕೇಳಿ.

ಮುಂದಿನ ಸಲ ಬ್ಯಾಚಿನವರೆಲ್ಲ ಸೇರಿದಾಗ ಟೀ ಜೊತೆ ಒಂದೊಂದು ಹಾಳೆ, ಒಂದು ಪೆನ್ನು ತನ್ನಿ. ನಿನಗೆ ನಾನು ಸಾಕ್ಷಿ, ನನಗೆ ನೀನು. ಬರೆದದ್ದನ್ನ ಎಲ್ಲಿಟ್ಟಿದ್ದೀರಿ ಅಂತ ನಂಬಿಕಸ್ಥರೊಬ್ಬರಿಗೆ ಹೇಳಿಡಿ. ಯಾರ ಕೈಗೂ ಸಿಗದ ವಿಲ್ಲು, ಬರೆಯದ ವಿಲ್ಲು, ಎರಡೂ ಒಂದೇ.

ಸಾಕ್ಷಿಗೆ ಯಾರು ಬರ್ತೀರಾ? ಕೆಳಗೆ ಟ್ಯಾಗ್ ಮಾಡಿ.